ಹಾಡು ಹೊರಗೆ, ಹೆಸರು ಒಳಗೆ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತುಮಕೂರು ಜಿಲ್ಲೆಯ ಒಂದು ಊರಿಗೆ ಬೀಸುವ ಪದ ಕೇಳಲು ಹೋಗಿದ್ದೆ. ಹೆಣ್ಣುಮಕ್ಕಳ ಕೆಲಸದ ಹಾಡುಗಳು ನನ್ನ ಪಿಎಚ್‌ಡಿ ವಿಷಯ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಜಗಲಿಯ ಮೇಲೆ ಕೂತು ಐದಾರು ಪದ ಹಾಡಿದರು. ರಾಗಿಕಲ್ಲು ಹಿತ್ತಿಲಲ್ಲಿ ಮಣ್ಣು ಹಿಡಿದು ಬಿದ್ದಿತ್ತು. ಹಿಟ್ಟು ಈಗ ಮಿಲ್ಲಿನಿಂದ ಬರುತ್ತದೆ. ಕಲ್ಲಿಲ್ಲದೆಯೂ ಅವರ ಬಲಗೈ ಹಾಡಿನ ಜೊತೆ ಸುತ್ತುತ್ತಿತ್ತು.

ಒಂದು ಪದದಲ್ಲಿ ನಾದಿನಿಯ ದೂರು ಬಂತು. ಅಂಥ ಪದಗಳಲ್ಲಿ ನಾದಿನಿಯ ದೂರು ಬರುವುದು ಹೊಸದೇನಲ್ಲ. ಆದರೆ ಅಜ್ಜಿ ತಮ್ಮ ನಾದಿನಿಯ ಹೆಸರನ್ನೇ ಹಿಡಿದು ಹಾಡಿಬಿಟ್ಟರು. ಹಾಡಿದವರು ತಟ್ಟನೆ ನಿಲ್ಲಿಸಿ, ಚಾಪೆಯ ಮೇಲಿದ್ದ ನನ್ನ ಫೋನಿನ ಕಡೆ ನೋಡಿದರು. "ಇದು ಎಲ್ಲಿಗ್ ಹೋಗುತ್ತೆ ಕಣಮ್ಮ?"

"ಎಲ್ಲಿಗೂ ಹೋಗಲ್ಲ ಅಜ್ಜಿ. ನನ್ನ ಫೋನಲ್ಲೇ ಇರುತ್ತೆ" ಅಂದೆ. ಆ ನಾದಿನಿಯ ಮೊಮ್ಮಗನಿಗೇ ಅಜ್ಜಿಯ ಮೊಮ್ಮಗಳನ್ನು ಕೊಟ್ಟಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಕಾಫಿ ಕುಡಿಯುವಾಗ.

ಸುಳ್ಳು ಹೇಳಬೇಕೆಂದು ಹೇಳಿದ ಮಾತಲ್ಲ ಅದು. ಆದರೆ ಅವತ್ತು ರಾತ್ರಿ ಹಾಸ್ಟೆಲಿಗೆ ಬಂದು ಫೋನು ವೈಫೈಗೆ ಸೇರಿದ ಕೂಡಲೇ ಅಜ್ಜಿಯ ದನಿ ಕ್ಲೌಡಿಗೆ ಹೋಯಿತು. ಬ್ಯಾಕಪ್ ತಾನಾಗಿಯೇ ಆಗುವಂತೆ ಎಂದೋ ಒಪ್ಪಿಗೆ ಕೊಟ್ಟಿದ್ದೆನಂತೆ, ನೆನಪಿಲ್ಲ. ಬೆಳಿಗ್ಗೆ ತೆಗೆದು ನೋಡಿದರೆ ರೆಕಾರ್ಡಿಂಗ್ ಆ್ಯಪ್ ಆ ಕಡತಕ್ಕೆ ತಾನೇ ಒಂದು ಹೆಸರಿಟ್ಟಿತ್ತು. ಅಜ್ಜಿಯ ಊರಿನ ಹೆಸರು. ಜೊತೆಗೆ ದಿನ, ಗಂಟೆ, ನಿಮಿಷ.

ಹೊಸ ತಂತ್ರಜ್ಞಾನ, ಇಂಟರ್‌ನೆಟ್ಟು, ಖಾಸಗಿತನ ಎಂದು ನಾವು ವಿದ್ಯಾರ್ಥಿಗಳು ಸೆಮಿನಾರುಗಳಲ್ಲಿ ಮಾತಾಡುತ್ತಲೇ ಇರುತ್ತೇವೆ. ಆ ಮಾತುಗಳೆಲ್ಲ ಅಜ್ಜಿಯ ಒಂದು ಪ್ರಶ್ನೆಯ ಮುಂದೆ ನನಗೆ ಸಪ್ಪೆಯಾಗಿ ಕಂಡವು. ಈ ಬರಹ ಆ ಪ್ರಶ್ನೆಯನ್ನು ಹಿಡಿದು ನಮ್ಮ ಪದಗಳನ್ನು, ಕತೆಗಳನ್ನು, ಕೊನೆಗೆ ನಾವು ಓದದೆ ಸಹಿ ಹಾಕುವ ಪಠ್ಯಗಳನ್ನು ಓದುವ ಪ್ರಯತ್ನ.

*

ಮೊದಲು ಪದ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಪ್ರೈವೆಸಿ ಎಂದಿರುವ ಕಡೆಯಲ್ಲೆಲ್ಲ ಸಾಮಾನ್ಯವಾಗಿ ಸಿಗುವುದು 'ಗೌಪ್ಯತೆ'. ಇದೇ ಪದವನ್ನು ನಾವು ಇನ್ನೊಂದು ಕಡೆಯೂ ಕೇಳಿದ್ದೇವೆ. ಮಂತ್ರಿಗಳು ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣವಚನ ಸ್ವೀಕರಿಸುತ್ತಾರೆ. ಅಲ್ಲಿ ಅದು ಸರ್ಕಾರದ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಮಾತು. ಇಂಗ್ಲಿಷು ಸೀಕ್ರೆಸಿ, ಪ್ರೈವೆಸಿ ಎಂದು ಎರಡಾಗಿ ಇಟ್ಟುಕೊಂಡದ್ದನ್ನು ನಮ್ಮ ಅನುವಾದಕರು ಒಂದೇ ಚೀಲಕ್ಕೆ ತುಂಬಿದ್ದಾರೆ. ಸಂಸ್ಕೃತದ 'ಗುಪ್' ಧಾತುವಿಗೆ ಕಾಪಾಡು ಎಂಬ ಅರ್ಥವೂ ಇದೆ. ಆದರೆ ಗುಪ್ತಚರ, ಗುಪ್ತ ಮತದಾನ, ಗುಪ್ತ ಸಭೆ ಎಂದು ಕೇಳಿ ಬೆಳೆದ ಕಿವಿಗೆ ಅದು ಬಚ್ಚಿಡುವುದೆಂದೇ ಕೇಳಿಸುತ್ತದೆ.

ಇನ್ನೊಂದು ಪದ 'ಖಾಸಗಿತನ'. ಪತ್ರಿಕೆಗಳು, ಕೋರ್ಟಿನ ಸುದ್ದಿಗಳು ಇದನ್ನು ಬಳಸುತ್ತವೆ. ನಾನೂ ಇಲ್ಲಿ ಬಳಸುತ್ತಿದ್ದೇನೆ, ಇದಕ್ಕಿಂತ ವಾಸಿಯಾದದ್ದು ಸಿಕ್ಕಿಲ್ಲ. ಆದರೆ ಇದಕ್ಕೆ ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆಗಳ ಸಹವಾಸ. ಹಾಗಾಗಿ ಅದು ಒಡೆತನದ ವಾಸನೆ ಹೊಡೆಯುತ್ತದೆ. ಒಂದು ಪದಕ್ಕೆ ಅಡಗಿಸಿಡುವುದರ ಅರ್ಥ, ಇನ್ನೊಂದಕ್ಕೆ ಆಸ್ತಿಯ ಅರ್ಥ.

ಪದ ತಪ್ಪಿದರೆ ಚರ್ಚೆಯೂ ತಪ್ಪುತ್ತದೆ. ಗೌಪ್ಯತೆ ಎಂದಾಗ ಎದುರಿನವರು ಕೇಳುವುದು ಸಹಜ: "ಮುಚ್ಚಿಡೋಕೆ ನನ್ನ ಹತ್ರ ಏನಿದೆ?" ಹಾಸ್ಟೆಲಿನ ಗೆಳತಿಯೊಬ್ಬಳು ಇನ್ನೂ ಚೆನ್ನಾಗಿ ಹೇಳುತ್ತಾಳೆ: "ನಮ್ಮ ಡೇಟಾ ತಗೊಂಡ್ ಏನ್ ಮಾಡ್ತಾರೆ, ನಾವೇನ್ ಅಂಬಾನಿನಾ?" ಈ ತರ್ಕದ ಪ್ರಕಾರ ಖಾಸಗಿತನ ಬೇಕಾಗಿರುವುದು ಇಬ್ಬರಿಗೆ. ಒಂದು ಕಳ್ಳರಿಗೆ, ಇನ್ನೊಂದು ಶ್ರೀಮಂತರಿಗೆ.

ಅಜ್ಜಿ ಇವೆರಡೂ ಅಲ್ಲ. ಅವರು ಆ ಪದವನ್ನು ಬಚ್ಚಿಟ್ಟವರೂ ಅಲ್ಲ. ಓರಗೆಯ ಹೆಂಗಸರ ಮುಂದೆ ನಲವತ್ತು ವರ್ಷ ಹಾಡಿದ್ದಾರೆ. ಇಡೀ ಕೇರಿಗೆ ಅದು ಗೊತ್ತು. ಹಾಗಾಗಿ ಅದು ಗುಟ್ಟಲ್ಲ, ಅವರ ಆಸ್ತಿಯೂ ಅಲ್ಲ. ಅವರು ಕೇಳಿದ್ದು ದಾರಿಯ ಬಗ್ಗೆ. ಇಲ್ಲಿಂದ ಹೊರಟರೆ ಎಲ್ಲಿಗೆ ಮುಟ್ಟುತ್ತದೆ, ಯಾರ ಕಿವಿಗೆ ಬೀಳುತ್ತದೆ. ಹೆಲೆನ್ ನಿಸ್ಸೆನ್‌ಬಾಮ್ ಎಂಬ ಅಮೆರಿಕದ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ 'ಪ್ರೈವೆಸಿ ಇನ್ ಕಾಂಟೆಕ್ಸ್ಟ್' ಎಂಬ ಪುಸ್ತಕದ ವಾದವೂ ಹೆಚ್ಚುಕಡಿಮೆ ಇದೇ. ಮಾಹಿತಿ ಹರಿಯುವುದೇ ತಪ್ಪಲ್ಲ. ಡಾಕ್ಟರಿಗೆ ಹೇಳಿದ್ದು ಡಾಕ್ಟರ ಹತ್ತಿರವೇ ಇರಬೇಕು, ಮೇಷ್ಟರಿಗೆ ಹೇಳಿದ್ದು ಬ್ಯಾಂಕಿಗೆ ಹೋಗಬಾರದು, ಒಂದೊಂದು ಸಂದರ್ಭಕ್ಕೂ ಹರಿವಿನ ಒಂದೊಂದು ನಡಾವಳಿ ಇರುತ್ತದೆ, ಅದನ್ನು ಮುರಿದಾಗ ಖಾಸಗಿತನ ಮುರಿಯುತ್ತದೆ ಎನ್ನುತ್ತಾರೆ ಅವರು. ಅಷ್ಟು ದೊಡ್ಡ ಪುಸ್ತಕದ ತಿರುಳು ಜಗಲಿಯ ಮೇಲಿನ ಒಂದು ಪ್ರಶ್ನೆಯಲ್ಲಿತ್ತು.

*

ಕನ್ನಡದಲ್ಲಿ ಈ ಹರಿವಿನ ಬಗ್ಗೆ ಒಂದು ಅದ್ಭುತವಾದ ಜನಪದ ಕತೆ ಇದೆ. ಎ. ಕೆ. ರಾಮಾನುಜನ್ ಸಂಗ್ರಹಿಸಿ, 1991ರ ತಮ್ಮ ಭಾರತೀಯ ಜನಪದ ಕತೆಗಳ ಇಂಗ್ಲಿಷ್ ಸಂಕಲನದಲ್ಲಿ ಸೇರಿಸಿದ ಕತೆ. ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿ 'ನಾಗಮಂಡಲ' ಕಟ್ಟಿದ ಎರಡು ಕತೆಗಳಲ್ಲಿ ಇದೂ ಒಂದು.

ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕತೆ, ಹಾಡು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕತೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ ಯಾರದು ಎಂದ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಜಗಳವಾಡಿ ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಆ ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಅದೇ ಗುಡಿಗೆ ಬಂದು ಹರಟೆ ಹೊಡೆಯುವ ಪದ್ಧತಿ. ಅವತ್ತು ಒಂದು ಜ್ವಾಲೆ ತಡವಾಗಿ ಬಂತು. ಯಾಕೆ ತಡ ಎಂದರೆ, ನಮ್ಮನೆಯಲ್ಲಿ ಗಂಡ ಹೆಂಡತಿಗೆ ಜಗಳ ಎಂದು ನಡೆದದ್ದನ್ನೆಲ್ಲ ಹೇಳಿತು. ಗಂಡ ಕೇಳಿಸಿಕೊಂಡ, ಅನುಮಾನ ಬಿಟ್ಟ. ಬೆಳಿಗ್ಗೆ ಮನೆಗೆ ಹೋಗಿ ಆ ಕತೆ, ಆ ಹಾಡು ಯಾವುದೆಂದು ಕೇಳಿದರೆ ಅವಳು ಯಾವ ಕತೆ, ಯಾವ ಹಾಡು ಎಂದಳು.

ಕತೆಯನ್ನು ಮುಚ್ಚಿಡಬಾರದು, ಹೇಳುತ್ತಿರಬೇಕು ಎಂಬ ನೀತಿಗಾಗಿ ಸಾಮಾನ್ಯವಾಗಿ ಇದನ್ನು ಓದುತ್ತೇವೆ. ನನ್ನ ತರಗತಿಯಲ್ಲೂ ಹಾಗೆಯೇ ಓದಿಸಿದ್ದರು. ಈಗ ಓದುವಾಗ ನನ್ನ ಕಣ್ಣು ದೀಪಗಳ ಮೇಲೆ ಹೋಗುತ್ತದೆ. ಮನೆಯೊಳಗೆ ಇಟ್ಟುಕೊಂಡ, ಬೆಳಕಿಗೆಂದು ತಂದ ವಸ್ತು ರಾತ್ರಿ ಇನ್ನೆಲ್ಲೋ ಹೋಗಿ ಮನೆಯ ಸುದ್ದಿ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಚಿತ್ರ ಇವತ್ತಿನ 'ಸ್ಮಾರ್ಟ್' ವಸ್ತುಗಳಿಗೆ ಯಾವ ಕಾದಂಬರಿಕಾರರೂ ಕೊಟ್ಟಂತಿಲ್ಲ.

ಇದು ಬರೀ ಉಪಮೆಯಲ್ಲ. ವಿಜಿಯೊ ಎಂಬ ಟಿವಿ ಕಂಪನಿ 1.1 ಕೋಟಿ ಟಿವಿಗಳ ಮೂಲಕ ಜನ ಏನು ನೋಡುತ್ತಿದ್ದಾರೆ ಎಂಬುದನ್ನು ಕ್ಷಣಕ್ಷಣ ಸಂಗ್ರಹಿಸಿ ಮಾರಿದ ಆರೋಪದ ಮೇಲೆ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯಕ್ಕೆ 22 ಲಕ್ಷ ಡಾಲರ್ ಕಟ್ಟಿತು. ಅಮೆಜಾನಿನ ಅಲೆಕ್ಸಾ ಸ್ಪೀಕರಿಗೆ ಜನ ಆಡಿದ ಮಾತಿನ ಒಂದು ಭಾಗವನ್ನು ಸುಧಾರಣೆಯ ಹೆಸರಿನಲ್ಲಿ ನೌಕರರು ಕೂತು ಕೇಳುತ್ತಾರೆ ಎಂದು 2019ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಹಾಗೆ ಕೇಳುವ ಕೆಲಸ ನಡೆಯುತ್ತಿದ್ದ ದೇಶಗಳಲ್ಲಿ ಭಾರತವೂ ಒಂದು. ಯಾವುದೋ ದೇಶದ ಅಡುಗೆಮನೆಯ ಮಾತನ್ನು ಹೆಡ್‌ಫೋನು ಹಾಕಿಕೊಂಡು ಅಕ್ಷರಕ್ಕಿಳಿಸುವುದು ನನ್ನ ವಯಸ್ಸಿನ ಯಾರದ್ದೋ ಸಂಬಳದ ಕೆಲಸ. ಮಕ್ಕಳ ದನಿಯನ್ನು ಅಳಿಸಿ ಎಂದು ತಂದೆತಾಯಿ ಕೇಳಿದರೂ ಉಳಿಸಿಕೊಂಡ ಆರೋಪದ ಮೇಲೆ ಅಮೆಜಾನ್ 2023ರಲ್ಲಿ ಎರಡೂವರೆ ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಕೆಲವು ಮಾದರಿಗಳಲ್ಲಿ ದನಿಯನ್ನು ಹೊರಗೆ ಕಳಿಸದೆ ಯಂತ್ರದೊಳಗೇ ಇಟ್ಟುಕೊಳ್ಳುವ ಆಯ್ಕೆ ಇತ್ತು. 2025ರ ಮಾರ್ಚ್ 28ರಿಂದ ಅದನ್ನೂ ತೆಗೆದರು. ಹೊಸ ಎಐ ಸೌಲಭ್ಯಗಳಿಗೆ ಕ್ಲೌಡು ಬೇಕು ಎಂಬುದು ಅವರು ಕೊಟ್ಟ ಕಾರಣ.

ಕತೆಯ ದೀಪಗಳಿಗೂ ಈ ದೀಪಗಳಿಗೂ ಒಂದು ವ್ಯತ್ಯಾಸವಿದೆ. ಗುಡಿಯ ಜ್ವಾಲೆಗಳು ಜ್ವಾಲೆಗಳ ಜೊತೆಗೇ ಮಾತಾಡಿದವು. ಬೆಳಗಾದರೆ ಅವರವರ ಮನೆಗೆ ವಾಪಸು. ಯಾರೂ ಲೆಕ್ಕ ಬರೆದಿಡಲಿಲ್ಲ. ದೀಪ ಮಾಡಿದ ಕಂಚುಗಾರನಿಗೆ ಹೋಗಿ ವರದಿ ಒಪ್ಪಿಸಲಿಲ್ಲ. ಆ ಹರಟೆಗೆ ಸಂಬಂಧದ ಹದವಿತ್ತು. ಈಗಿನ ದೀಪ ಹೋಗುವುದು ತನ್ನನ್ನು ಮಾಡಿದವನ ಹತ್ತಿರಕ್ಕೇ.

ಇನ್ನೂ ಒಂದು ಮಾತು ಕತೆಯ ಕೊನೆಯಲ್ಲಿದೆ. ಗಂಡನ ಅನುಮಾನ ಹೋಯಿತು, ಸಂಸಾರ ಉಳಿಯಿತು. ಆದರೆ ಹೆಂಡತಿಯ ಬಾಯಲ್ಲಿ ಕತೆ ಉಳಿಯಲಿಲ್ಲ. ಅವಳ ಬದಲು ದೀಪ ಹೇಳಿತು. ಅವಳು ಕಳಕೊಂಡದ್ದು ಗುಟ್ಟನ್ನಲ್ಲ, ಹೇಳುವ ಸರದಿಯನ್ನು. ನನ್ನ ಮೆಚ್ಚಿನ ಪುಸ್ತಕ ಯಾವುದು, ನನಗೆ ಈ ವಾರ ಬೇಸರವೇ, ಯಾವ ಊರಿಗೆ ಹೋಗುವ ಆಸೆ ಎಂದು ನಾನು ಬಾಯಿ ಬಿಡುವ ಮೊದಲೇ ಫೋನು ಹೇಳಿಬಿಡುವಾಗ ನನಗಾಗುವ ಕಸಿವಿಸಿಯೂ ಇದೇ ಜಾತಿಯದು.

*

ಇಲ್ಲಿ ಒಂದು ತಕರಾರನ್ನು ಎದುರಿಸಲೇಬೇಕು. ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಬುದ್ಧಿಮಾತು ನಮ್ಮಲ್ಲಿ ಯಾರಿಗೆ ಅನುಕೂಲ ಮಾಡಿದೆ? ಹೊಡೆತ ತಿಂದವಳಿಗಲ್ಲ. 'ನಾಗಮಂಡಲ'ದಲ್ಲೇ ಅಪ್ಪಣ್ಣ ರಾಣಿಯನ್ನು ಒಳಗೆ ಕೂಡಿ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಆ ಮನೆಗೆ ಖಾಸಗಿತನ ಬೇಕಾದಷ್ಟಿದೆ. ರಾಣಿಗೆ ಚೂರೂ ಇಲ್ಲ. ಬೀಗ ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನು ನೋಡದೆ ಖಾಸಗಿತನವನ್ನು ಹೊಗಳಲು ಬರುವುದಿಲ್ಲ. ಸ್ತ್ರೀವಾದಿಗಳು ಇದನ್ನು ಬಹಳ ಹಿಂದೆಯೇ ಹೇಳಿದ್ದಾರೆ.

ಹಾಗೆಯೇ ಫೋನನ್ನು ಬರೀ ಬೈಯ್ಯಲೂ ನನಗೆ ಮನಸ್ಸಿಲ್ಲ. ನನ್ನ ಜೊತೆ ಓದಿದ ಎಷ್ಟೋ ಹುಡುಗಿಯರಿಗೆ ಮನೆಯಲ್ಲಿ ಸ್ವಂತ ಕೋಣೆ ಇರಲಿಲ್ಲ. ಅಲ್ಮೇರಾದಲ್ಲಿ ಒಂದು ಸ್ವಂತ ಅಡ್ಡೆಯೂ ಇರಲಿಲ್ಲ. ಡಿಗ್ರಿಗೆ ಬಂದಾಗ ಕೈಗೆ ಬಂದ ಫೋನಿನ ಪಾಸ್‌ವರ್ಡೇ ಅವರು ಒಳಗಿನಿಂದ ಹಾಕಿಕೊಂಡ ಮೊದಲ ಚಿಲಕ. ಅಪ್ಪ, ಅಣ್ಣ ಆ ಪಾಸ್‌ವರ್ಡ್ ಕೇಳಿದಾಗ ಆದ ಜಗಳಗಳು ನಮ್ಮ ಹಾಸ್ಟೆಲಿನ ನಿಜವಾದ ರಾಜಕೀಯ ಚರ್ಚೆಗಳು. ಹಾಗಾಗಿ ನಮ್ಮ ತಲೆಮಾರಿನ ಕಷ್ಟವೇ ಬೇರೆ. ಮನೆಯವರಿಂದ ನಮ್ಮನ್ನು ಕಾಯುವ ವಸ್ತುವೇ ನಾವು ಕಾಣದವರಿಗೆ ನಮ್ಮನ್ನು ಒಪ್ಪಿಸುತ್ತದೆ. ಚಿಲಕ ನಮ್ಮದು, ಬಾಗಿಲು ಇನ್ನೊಬ್ಬರದು.

*

ಮತ್ತೆ ಬೀಸುವ ಪದಕ್ಕೆ ಬರುತ್ತೇನೆ. ನನ್ನ ಓದಿನಲ್ಲಿ ಖಾಸಗಿತನದ ಬಗ್ಗೆ ನನಗೆ ಹೆಚ್ಚು ಕಲಿಸಿದ್ದು ಆ ಪ್ರಕಾರವೇ.

ಕೋಳಿ ಕೂಗುವ ಹೊತ್ತಿಗೆ ಎದ್ದು, ಮನೆಯವರೆಲ್ಲ ಮಲಗಿರುವಾಗ, ಕಲ್ಲಿನ ಮುಂದೆ ಕೂತು ಹಾಡುವ ಪದಗಳು ಇವು. ಕಲ್ಲಿನ ಸದ್ದು ಮಾತನ್ನು ಅರ್ಧ ಮುಚ್ಚುತ್ತದೆ. ತವರಿನ ನೆನಪು, ಅತ್ತೆಯ ಕಾಟ, ಸತ್ತ ಕೂಸು, ಹೇಳಲಾಗದ ಬಯಕೆ ಎಲ್ಲ ಅಲ್ಲಿ ಬರುತ್ತವೆ. ಪೂರ್ತಿ ಏಕಾಂತವೂ ಅಲ್ಲ. ಎದುರಿಗೆ ಕೂತು ಗೂಟ ಹಿಡಿದ ಇನ್ನೊಬ್ಬಳಿರುತ್ತಾಳೆ, ದನಿಗೂಡಿಸುತ್ತಾಳೆ. ಒಬ್ಬಳ ಸಂಕಟ ಇನ್ನೊಬ್ಬಳ ಬಾಯಿಗೆ ದಾಟುತ್ತದೆ, ಮದುವೆಯಾದ ಹುಡುಗಿಯ ಜೊತೆ ಬೇರೆ ಊರಿಗೆ ಹೋಗುತ್ತದೆ. ಹೋಗುವಾಗ ಒಂದನ್ನು ಬಿಟ್ಟು ಹೋಗುತ್ತದೆ: ಹಾಡಿದವಳ ಹೆಸರನ್ನು. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಕನ್ನಡಕ್ಕೆ ದೊಡ್ಡ ಸಂಪತ್ತು ಸಿಕ್ಕಿತು. ಆ ಸಂಪತ್ತನ್ನು ಕೂಡಿಸಿದ ಹೆಣ್ಣುಮಕ್ಕಳು ನಮಗೆ 'ಗರತಿ'ಯಾಗಿಯೇ ಉಳಿದರು.

ಈ ಹೆಸರಿಲ್ಲದಿರುವಿಕೆಯನ್ನು ನಾವು ಅನ್ಯಾಯವೆಂದು ಓದುತ್ತೇವೆ. ಅನ್ಯಾಯದ ಅಂಶ ಅದರಲ್ಲಿ ಇದೆ ಕೂಡ, ಕವಿಯೆನ್ನುವ ಪಟ್ಟ ಅವರಿಗೆ ಸಿಗಲಿಲ್ಲ. ಆದರೆ ಅದು ರಕ್ಷಣೆಯೂ ಆಗಿತ್ತು. ಹೆಸರು ಕಳಚಿಕೊಂಡದ್ದರಿಂದಲೇ ಅಷ್ಟು ನಿಷ್ಠುರದ ಮಾತು ಅಷ್ಟು ದೂರ ನಡೆಯಲು ಆಯಿತು. ಅತ್ತೆಯನ್ನು ಬೈಯ್ದ ಸೊಸೆ ಇಂಥವಳೇ ಎಂದು ಗೊತ್ತಾಗುವಂತಿದ್ದರೆ ಆ ಪದ ಎರಡನೆಯ ಮನೆ ದಾಟುತ್ತಿರಲಿಲ್ಲ. ಹಾಡು ಹೊರಗೆ, ಹೆಸರು ಒಳಗೆ. ಇದು ಅವರ ಒಪ್ಪಂದ.

ನಮ್ಮ ಫೋನಿನ ಒಪ್ಪಂದ ಇದನ್ನು ತಿರುಗಿಸಿದೆ. ವಾಟ್ಸ್‌ಆ್ಯಪ್ 2016ರಿಂದ ಸಂದೇಶಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಕೊಟ್ಟಿದೆ. ನಾವು ಬರೆದದ್ದನ್ನು ಕಂಪನಿಯೂ ಓದಲಾಗದು. ಇದು ಸಣ್ಣ ಮಾತಲ್ಲ. ಆದರೆ ಯಾವ ನಂಬರು, ಯಾವ ಫೋನು, ಯಾವ ಗುಂಪು, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬಂಥ ವಿವರಗಳು ಬೇರೆ. ಅವನ್ನು ಮೆಟಾಡೇಟಾ ಎನ್ನುತ್ತಾರೆ. ಲಕೋಟೆಯೊಳಗಿನ ಕಾಗದ ಭದ್ರ, ಲಕೋಟೆಯ ಮೇಲಿನದು ಬಯಲು. ಒಬ್ಬಳು ರಾತ್ರಿ ಎರಡಕ್ಕೆ ಮಹಿಳಾ ಸಹಾಯವಾಣಿಗೆ ಫೋನು ಮಾಡಿ ಇಪ್ಪತ್ತು ನಿಮಿಷ ಮಾತಾಡಿದಳು ಎಂದಿಟ್ಟುಕೊಳ್ಳಿ. ಏನು ಮಾತಾಡಿದಳು ಎಂದು ಗೊತ್ತಾಗಬೇಕೆ? ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಮಾಜಿ ಮುಖ್ಯಸ್ಥ ಮೈಕೆಲ್ ಹೇಡನ್, ಮೆಟಾಡೇಟಾದ ಆಧಾರದ ಮೇಲೆ ತಾವು ಜನರನ್ನು ಕೊಲ್ಲುತ್ತೇವೆ ಎಂಬುದನ್ನು 2014ರ ಒಂದು ಬಹಿರಂಗ ಚರ್ಚೆಯಲ್ಲಿ ಒಪ್ಪಿಕೊಂಡಿದ್ದರು.

ಅಂದರೆ ಗರತಿಯ ಲೋಕದಲ್ಲಿ ಮಾತು ಊರೂರು ತಿರುಗಿತು, ಆಡಿದವಳು ಕ್ಷೇಮವಾಗಿದ್ದಳು. ನಮ್ಮ ಲೋಕದಲ್ಲಿ ಮಾತು ಕ್ಷೇಮವಾಗಿದೆ, ಆಡಿದವಳು ಊರೂರು ತಿರುಗುತ್ತಿದ್ದಾಳೆ. ನನ್ನ ರೆಕಾರ್ಡಿಂಗ್ ಆ್ಯಪ್ ಅಜ್ಜಿಯ ಪದಕ್ಕೆ ಊರು, ದಿನ, ಗಂಟೆ ಅಂಟಿಸಿ ನೂರಾರು ವರ್ಷದ ಆ ಒಪ್ಪಂದವನ್ನು ಒಂದು ಕ್ಷಣದಲ್ಲಿ ಮುರಿದಿತ್ತು.

*

ಇದಕ್ಕೆಲ್ಲ ನಾವು ಒಪ್ಪಿದ್ದೇವಲ್ಲ ಎನ್ನಬಹುದು. ಆ ಒಪ್ಪಿಗೆಯ ಪಠ್ಯವನ್ನೂ ಸಾಹಿತ್ಯದ ವಿದ್ಯಾರ್ಥಿಯಾಗಿ ಓದಲು ಕೂತೆ. ಒಂದು ವಾರ ನನ್ನ ಫೋನಿನ ಆ್ಯಪುಗಳಲ್ಲಿ ಕನ್ನಡದಲ್ಲಿ ಸಿಕ್ಕ ನೀತಿ, ಷರತ್ತು, ಸೂಚನೆಗಳನ್ನೆಲ್ಲ ಓದಿದೆ. ಕನ್ನಡದಲ್ಲಿ ಇಷ್ಟು ಜನ ಸಹಿ ಹಾಕಿದ, ಇಷ್ಟು ಕಡಿಮೆ ಜನ ಓದಿದ ಗದ್ಯ ಇನ್ನೊಂದಿರಲಾರದು.

ಆ ಗದ್ಯದಲ್ಲಿ ಮೂರು ಕ್ರಿಯಾರೂಪಗಳು ಮತ್ತೆ ಮತ್ತೆ ಬರುತ್ತವೆ. ಒಂದು, 'ಸಂಗ್ರಹಿಸಲಾಗುತ್ತದೆ'. ಈ 'ಅಲಾಗುತ್ತದೆ' ಬಾಯಿಮಾತಿನ ಕನ್ನಡದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಲು ಕರೆಯಲಾಯಿತು ಎಂದು ಯಾರೂ ಅನ್ನುವುದಿಲ್ಲ, ಅವ್ವ ಹಾಲು ಕರೆದಳು ಅನ್ನುತ್ತಾರೆ. ಸರ್ಕಾರಿ ಸುತ್ತೋಲೆಯಿಂದ ಬಂದ ಈ ಪ್ರಯೋಗದಲ್ಲಿ ಕರ್ತೃ ಮಾಯ. ಮಾಹಿತಿ ಸಂಗ್ರಹವಾಗುತ್ತದೆ, ಮಳೆ ಬಂದ ಹಾಗೆ. ಯಾರು ಸಂಗ್ರಹಿಸಿದರು ಎಂದು ಕೇಳುವ ಜಾಗವೇ ವಾಕ್ಯದಲ್ಲಿಲ್ಲ.

ಎರಡನೆಯದು 'ಬಹುದು'. 'ನಿಮ್ಮ ವಿವರಗಳನ್ನು ಮೂರನೆಯವರಿಗೆ ಕೊಡಬಹುದು'. ಕನ್ನಡದ ಬಹುದು ಎರಡು ಕೆಲಸ ಮಾಡುತ್ತದೆ. ನಾಳೆ ಮಳೆ ಬರಬಹುದು ಎಂದರೆ ಸಾಧ್ಯತೆ. ನೀನಿನ್ನು ಹೋಗಬಹುದು ಎಂದರೆ ಅಪ್ಪಣೆ. ಓದುವ ನಾವು ಇದನ್ನು ಮಳೆಯ ಬಹುದು ಎಂದುಕೊಳ್ಳುತ್ತೇವೆ, ಕೊಡುತ್ತಾರೋ ಇಲ್ಲವೋ ಎಂದು. ಬರೆದವರು ಅದನ್ನು ಅಪ್ಪಣೆಯಾಗಿ ಪಡೆದುಕೊಂಡಿರುತ್ತಾರೆ.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ್ದು, 'ಹಂಚಿಕೊಳ್ಳು'. ಕನ್ನಡದಲ್ಲಿ ನಾವು ಬುತ್ತಿ ಹಂಚಿಕೊಳ್ಳುತ್ತೇವೆ, ಸುಖದುಃಖ ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳುವವರು ಒಂದೇ ಪಂಕ್ತಿಯಲ್ಲಿ ಕೂತಿರುತ್ತಾರೆ. ಹಂಚಿಕೊಂಡರೆ ನಮ್ಮ ಪಾಲು ಕಡಿಮೆಯಾಗುತ್ತದೆ ಅಥವಾ ಭಾರ ಹಗುರಾಗುತ್ತದೆ. ಜಾಹೀರಾತಿನವರಿಗೆ ನನ್ನ ವಿವರ ದಾಟಿಸುವುದಕ್ಕೂ ಇದೇ ಪದ ಬಂದಿದೆ. ಇಂಗ್ಲಿಷಿನ ಶೇರ್ ಎಂಬುದರ ನೆರಳು ಬಿದ್ದು ನಮ್ಮ ಒಂದು ಒಳ್ಳೆಯ ಪದ ಹಾಳಾಗುತ್ತಿದೆ.

ಈ ಪಠ್ಯದ ಕೊನೆಯಲ್ಲಿ ಗುಂಡಿ ಒಂದೇ. ವಾಟ್ಸ್‌ಆ್ಯಪ್ 2021ರ ಜನವರಿಯಲ್ಲಿ ಹೊಸ ನೀತಿ ತಂದು, ಫೆಬ್ರವರಿ 8ರೊಳಗೆ ಒಪ್ಪಿ ಎಂದಾಗ ದೊಡ್ಡ ಗಲಾಟೆಯಾಯಿತು. ಗಡುವನ್ನು ಮೇ 15ಕ್ಕೆ ತಳ್ಳಿದರು. 2024ರ ನವೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಒಪ್ಪು ಇಲ್ಲವೇ ಬಿಡು ಎಂಬ ಆ ಷರತ್ತು ಅನ್ಯಾಯದ್ದೆಂದು ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ಅಷ್ಟರಲ್ಲಿ ನಾವೆಲ್ಲ ಒಪ್ಪಿ ಆಗಿತ್ತು. ನನ್ನ ಗೈಡ್ ಇದ್ದ ಗುಂಪು, ಮೆಸ್ಸಿನ ಗುಂಪು, ಫೆಲೋಶಿಪ್ಪಿನ ಸುದ್ದಿ ಬರುವ ಗುಂಪು ಎಲ್ಲ ಅಲ್ಲೇ ಇರುವಾಗ ಒಪ್ಪದೆ ಎಲ್ಲಿಗೆ ಹೋಗುವುದು?

ಓದುಬರಹ ಬಾರದವರನ್ನು ಹೆಬ್ಬೆಟ್ಟಿನವರು ಎನ್ನುತ್ತಿದ್ದರು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡ ಕತೆಗಳು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಓದು ಕಲಿತರೆ ಆ ಮೋಸ ತಪ್ಪುತ್ತದೆ ಎಂದು ನಂಬಿ ನಮ್ಮನ್ನು ಶಾಲೆಗೆ ಕಳಿಸಿದರು. ಎಂ.ಎ. ಮುಗಿಸಿ, ನೆಟ್ ಪಾಸಾಗಿ, ಸಂಶೋಧನೆಗೆ ಕೂತ ನಾನು ಓದದ ಕಾಗದಕ್ಕೆ ದಿನಕ್ಕೆ ಎಷ್ಟು ಸಲ ಹೆಬ್ಬೆಟ್ಟು ಒತ್ತುತ್ತೇನೋ ಲೆಕ್ಕವಿಲ್ಲ. ಫೋನಿನ ಬೀಗವೂ ಹೆಬ್ಬೆಟ್ಟಿನಿಂದಲೇ ತೆಗೆಯುತ್ತದೆ.

*

ಕಾನೂನು ಇದೆ. ಅದರ ಬೇರಿನಲ್ಲಿ ಕರ್ನಾಟಕದ ಹೆಸರೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಖಾಸಗಿತನವೆಂಬುದು ಉಳ್ಳವರ ಚಿಂತೆ, ಬಡವರಿಗೆ ಬೇಕಾದದ್ದು ಅನ್ನ ಎಂಬ ವಾದವೂ ಆ ಕಟಕಟೆಗೆ ಬಂದಿತ್ತು. ಪೀಠ ಅದನ್ನು ಒಪ್ಪಲಿಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಮ್ಮ ವಿಶ್ವವಿದ್ಯಾಲಯದ ಎಷ್ಟು ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತಿದೆ ಎಂದು ಕೇಳಲು ಹೋಗುವುದಿಲ್ಲ. ನನಗೇ ಎರಡು ವರ್ಷದ ಹಿಂದೆ ಗೊತ್ತಿರಲಿಲ್ಲ.

ಆ ತೀರ್ಪಿನ ಆರು ವರ್ಷದ ಮೇಲೆ, 2023ರ ಆಗಸ್ಟಿನಲ್ಲಿ, ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕಟ್ಟುಪಾಡುಗಳಿಗೆ ಮತ್ತೆ 18 ತಿಂಗಳ ಗಡುವು. ಅದರಲ್ಲಿ ನನಗೆ ಹಿಡಿಸಿದ ಅಂಶಗಳಿವೆ. ಇಂಗ್ಲಿಷಿನ ಪಠ್ಯದಲ್ಲಿ ಮಾಹಿತಿಯ ಒಡತಿಯನ್ನು ಉದ್ದಕ್ಕೂ 'ಅವಳು' ಎಂದೇ ಕರೆದಿದ್ದಾರೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ನೋಡುವ ಆಯ್ಕೆ ಕೊಡಬೇಕು. ಕನ್ನಡದಲ್ಲಿ ಕೇಳುವ ಹಕ್ಕು ಬಂತು, ಸರಿ. ಆದರೆ ಬರುವ ಕನ್ನಡ ಮೇಲೆ ಹೇಳಿದ 'ಅಲಾಗುತ್ತದೆ'ಯ ಕನ್ನಡವಾದರೆ ಅಜ್ಜಿಗೆ ಬಂದ ಲಾಭವೇನು? ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನೂ ತಿದ್ದಿತು. ಸಾರ್ವಜನಿಕ ಹಿತಕ್ಕಾಗಿ ವೈಯಕ್ತಿಕ ಮಾಹಿತಿಯನ್ನು ಕೊಡಬಹುದೆಂಬ ಷರತ್ತು ಆ ಕಲಮಿನಿಂದ ಹೋಯಿತು. ಅಪ್ಪಣ್ಣನ ಬೀಗ ಮತ್ತೆ ನೆನಪಾಗುತ್ತದೆ.

ಕಾಯ್ದೆಯಲ್ಲಿ ಇನ್ನೊಂದು ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸಂಶೋಧನೆಗಾಗಿ ಬಳಸುವ ಮಾಹಿತಿಗೆ, ಕೆಲವು ಮಾನದಂಡಗಳನ್ನು ಪಾಲಿಸಿದರೆ, ವಿನಾಯಿತಿ ಇದೆ. ಅಂದರೆ ನನಗೆ. ನಾನೂ ಕಂಪನಿಗಳ ಸಾಲಿನಲ್ಲೇ, ಸಂಗ್ರಹಿಸುವವರ ಕಡೆ ಕೂತಿದ್ದೇನೆ ಎಂಬುದು ಆಗ ಹೊಳೆಯಿತು. ನನ್ನ ಚೀಲದಲ್ಲೂ ಒಂದು ಒಪ್ಪಿಗೆಪತ್ರವಿದೆ. 'ಸದರಿ ಧ್ವನಿಮುದ್ರಣವನ್ನು ಶೈಕ್ಷಣಿಕ ಉದ್ದೇಶಕ್ಕೆ ಬಳಸಿಕೊಳ್ಳಲು ನನ್ನ ಸಮ್ಮತಿ ಇರುತ್ತದೆ.' ನಾನೇ ಬರೆದ ವಾಕ್ಯ. ಅಜ್ಜಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಪ್ರಶ್ನೆಯನ್ನು ಅವರು ಕೇಳಿದ್ದು ಒತ್ತಿ ಅರ್ಧ ಗಂಟೆಯಾದ ಮೇಲೆ. ಕಾಗದಕ್ಕೆ ಒಪ್ಪಿದಾಗ ಹುಟ್ಟದ ಪ್ರಶ್ನೆ ಹಾಡುವಾಗ ಹುಟ್ಟಿತು. ಒಪ್ಪಿಗೆ ಮೊದಲೇ ಒಂದೇ ಸಲ ಪಡೆದು ಮುಗಿಸುವ ವಸ್ತು ಎಂಬುದೇ ತಪ್ಪು ಎಂದು ನನಗೆ ಈಗ ಅನ್ನಿಸುವುದು ಇದರಿಂದ.

ಹೋದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆ. ಅಜ್ಜಿಗೆ ಹಾಡು ಹಾಕಿ ಕೇಳಿಸಿದೆ. ತಮ್ಮ ದನಿ ಕೇಳಿ ನಕ್ಕರು. ಆ ಪದ ಬಂದಾಗ ಫೋನು ನಿಲ್ಲಿಸಿ, ಅವತ್ತು ನಾನು ಹೇಳಿದ್ದು ಸರಿಯಿರಲಿಲ್ಲ, ಇದು ನನ್ನ ಫೋನಿಂದ ಬೇರೆ ಕಡೆಗೂ ಹೋಗಿದೆ ಎಂದೆ. ಎಲ್ಲಿಗೆ ಎಂದು ಹೇಳಲು ಕಷ್ಟಪಟ್ಟೆ. ಕ್ಲೌಡು ಎಂದರೆ ಮೋಡ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ದೂರದ ಊರಲ್ಲಿ ಒಂದು ದೊಡ್ಡ ಕಟ್ಟಡ ಇರುತ್ತೆ ಅಜ್ಜಿ, ಎಲ್ಲರ ಫೋನಲ್ಲಿರೋದನ್ನೂ ಅಲ್ಲಿ ಇಟ್ಕೊಂಡಿರ್ತಾರೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು.

"ಪದ ಇರ್ಲಿ ಬಿಡು. ಅವಳ ಹೆಸರು ತೆಗ್ದುಬಿಡು."

ಪ್ರಬಂಧದಲ್ಲಿ ಆ ಪದ ಹೆಸರಿಲ್ಲದೆ, ಊರಿಲ್ಲದೆ ಬರುತ್ತದೆ. ಫೋನಿನಿಂದ, ಲ್ಯಾಪ್‌ಟಾಪಿನಿಂದ, ಕ್ಲೌಡಿನ ಖಾತೆಯಿಂದ ಆ ಕಡತ ಅಳಿಸಿದೆ. ಅಳಿಸಿದ್ದು ಇನ್ನೂ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ ಎಂದು ಪರದೆ ಹೇಳಿತು. ಅಲ್ಲಿಂದಲೂ ತೆಗೆದೆ. ಅದರಾಚೆ ಇನ್ನೆಲ್ಲಿ ಎಷ್ಟು ಪ್ರತಿ ಇದೆಯೋ ತಿಳಿಯುವ ದಾರಿ ನನಗಿಲ್ಲ. ಹೊರಡುವಾಗ ಅಜ್ಜಿಗೂ ಅಷ್ಟನ್ನೇ ಹೇಳಿದೆ. "ನನ್ನ ಕೈಲಿರೋದನ್ನ ತೆಗ್ದಿದೀನಿ ಅಜ್ಜಿ. ಮಿಕ್ಕಿದ್ದು ನಂಗೂ ಗೊತ್ತಿಲ್ಲ."